ಮೈಸೂರಿನ ಮಹಾರಾಜರೂ ಪಿಯಾನೊ ವಿದ್ಯೆಯೂ

ಪ್ರಸಿದ್ಧರಾದವರ ಚರಿತ್ರೆಯನ್ನು ಓದುವುದರಿಂದ ಎಳೆಯರಿಗೆ ಎರಡು ವಿಧವಾದ ಪ್ರಯೋಜನಗಳುಂಟು. ಅವರು ಸಾಧಿಸಿದ ಕಾರ್ಯಗಳನ್ನು ತಿಳಿಯುವಾಗ ನಮ್ಮಲ್ಲಿ ಉತ್ಸಾಹವು ಹುಟ್ಟುವುದು. ಅವರು ಬಯಸಿಯೂ ಪಡೆಯಲಾರದೆ ಹೋದುದನ್ನು ತಿಳಿದು, ಆ ನಷ್ಟವನ್ನು ಅವರು ಹೇಗೆ ತಾಳಿಕೊಂಡರೆಂದು ವಿಚಾರಿಸುವಾಗ ನಮ್ಮಲ್ಲಿ ಸ್ಥೈರ್ಯವು ಹುಟ್ಟುವುದು. ಮೊದಲನೆಯ ಪ್ರಯೋಜನವನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಚರಿತ್ರೆ ಬರೆಯುವವರು ಅನೇಕ ವೇಳೆ ಮರೆತುಬಿಡುವರು. ಈ ಸ್ಮರಣ ಸಂಚಿಕೆಗಾಗಿ ನಾವು ಆರಿಸಿಕೊಂಡಿರುವ ಚರಿತ್ರೆಯಲ್ಲಿ ಇವೆರಡೂ ಕೂಡಿಕೊಂಡಿವೆ. ಅದು ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಚರಿತ್ರೆ. ಅದರಲ್ಲಿಯೂ ಅವರ ಸಂಗೀತ ಜೀವನದ ಭಾಗವನ್ನೇ ನಾವು ಇಲ್ಲಿ ಮುಖ್ಯವಾಗಿ ಹೇಳತಕ್ಕವರಾಗಿದ್ದೇವೆ.

ರಾಜರ ಕಥೆಗೂ ನಮ್ಮ ಬಾಲಿಕಾ ಪಾಠಶಾಲೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮುಂತಾದ ಊರುಗಳಿಂದ ಬರುವ ಹೆತ್ತವರು ಪ್ರತಿ ವರ್ಷವೂ ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತಾರೆ. ಮಗಳು ನಾಲ್ಕೈದು ವರ್ಷ ಪಿಯಾನೊ ಕಲಿತು, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಸರ್ಟಿಫಿಕೇಟನ್ನೂ ತಂದಳು. ಮದುವೆಯಾಗಿ ಹೋದ ಮೇಲೆ ವಾದ್ಯದ ಮುಚ್ಚಳವನ್ನೇ ತೆರೆಯಲಿಲ್ಲ. ಹೀಗಿರಲು ಅಷ್ಟು ಹಣವನ್ನೂ ಕಾಲವನ್ನೂ ವ್ಯಯಿಸಿದುದರ ಫಲವೇನು ಎಂದು ಅವರು ಕೇಳುವರು. ಪ್ರಶ್ನೆಯು ನ್ಯಾಯವಾದುದೇ. ನಮ್ಮನ್ನು ನೋಡಲು ಬರುವ ಹಳೆಯ ವಿದ್ಯಾರ್ಥಿನಿಯರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಪರೀಕ್ಷೆಗೆಂದು ಕಲಿತ ಮೂರು ಗತ್ತುಗಳು ಬೆರಳಿನಿಂದ ಜಾರಿಹೋದವು. ಹೊಸದನ್ನು ಕಲಿಸಲು ಗುರುಗಳಿಲ್ಲ. ಆದಕಾರಣ ಸಂಗೀತವೇ ನಿಂತುಹೋಯಿತು ಎನ್ನುವರು. ಈ ಪ್ರಶ್ನೆಗೆ ಮಹಾರಾಜರ ಜೀವನದಲ್ಲಿ ಒಂದು ಉತ್ತರವು ದೊರೆಯುವುದೆಂದು ನಮ್ಮ ಭಾವನೆ.

ಜನನವೂ ಮನೆತನವೂ

ಶ್ರೀ ಜಯಚಾಮರಾಜೇಂದ್ರ ಒಡೆಯರವರು 1919ನೆಯ ಇಸವಿ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆಯವರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿಯವರು ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರು. ಮೂವರು ಸಹೋದರಿಯರೊಂದಿಗೆ ಬೆಳೆದ ಇವರೊಬ್ಬರೇ ಗಂಡುಮಗು. ಆಗ ರಾಜ್ಯವಾಳುತ್ತಿದ್ದ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿಲ್ಲದಿದ್ದುದರಿಂದ, ಒಂದಲ್ಲ ಒಂದು ದಿನ ಸಿಂಹಾಸನವು ಈ ಬಾಲಕನಿಗೆ ಬರುವುದೆಂಬುದನ್ನು ಎಲ್ಲರೂ ಅರಿತಿದ್ದರು. ಆದರೆ ಆ ದಿನವು ಬಹು ದೂರವಿದೆಯೆಂದೇ ಎಣಿಸಲಾಗಿತ್ತು.

ಅರಮನೆಯು ಆ ಕಾಲದಲ್ಲಿ ಸಂಗೀತದ ಮನೆಯೂ ಆಗಿತ್ತು. ವೀಣೆಯ ಸುಬ್ಬಣ್ಣನವರು, ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಮುಂತಾದ ವಿದ್ವಾಂಸರು ಆಸ್ಥಾನವನ್ನು ಅಲಂಕರಿಸಿದ್ದರು. ನಾಲ್ವಡಿಯವರು ತಾವೇ ಅನೇಕ ವಾದ್ಯಗಳನ್ನು ಬಲ್ಲವರು. ವೀಣೆ, ಕೊಳಲು, ಮೃದಂಗಗಳ ಜೊತೆಗೆ ಪಿಟೀಲು, ಪಿಯಾನೊ, ಸ್ಯಾಕ್ಸೊಫೋನುಗಳನ್ನೂ ನುಡಿಸುತ್ತಿದ್ದರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಇತ್ತು; 1930ರ ದಶಕದಲ್ಲಿ ಓಟ್ಟೊ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅದನ್ನು ನಡೆಯಿಸುತ್ತಿದ್ದರು. ಹೀಗೆ ಬೆಳಗಿನಲ್ಲಿ ವೀಣೆಯ ನಾದವೂ ಸಂಜೆಯಲ್ಲಿ ಬ್ಯಾಂಡಿನ ನಾದವೂ ಒಂದೇ ಮಗುವಿನ ಕಿವಿಗೆ ಬೀಳುವಂತಹ ಮನೆಗಳು ನಮ್ಮ ದೇಶದಲ್ಲಿ ಅಂದಿಗೂ ವಿರಳವೇ, ಇಂದಿಗೂ ವಿರಳವೇ.

ರಾಜಕುಮಾರರಿಗೂ ಅವರ ತಂಗಿ ವಿಜಯಾದೇವಿಯವರಿಗೂ ಪಿಯಾನೊವಿನಲ್ಲಿ ವಿಶೇಷ ಆಸಕ್ತಿ ಹುಟ್ಟಿತು. ವಿಜಯಾದೇವಿಯವರು ಮೈಸೂರಿನ ಕಾನ್ವೆಂಟಿನಲ್ಲಿ ಒಬ್ಬ ಸನ್ಯಾಸಿನಿಯರಿಂದ ಪಿಯಾನೊ ಪಾಠವನ್ನೂ, ವೈಣಿಕ ವೆಂಕಟಗಿರಿಯಪ್ಪನವರಿಂದ ವೀಣೆಯ ಪಾಠವನ್ನೂ ಹೇಳಿಸಿಕೊಂಡರು. ರಾಜಕುಮಾರರೂ ಅದೇ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಅಭ್ಯಸಿಸಿದರು. ಅಣ್ಣತಂಗಿಯರ ಈ ಸಂಗೀತ ಸ್ನೇಹವು ಮುಂದೆ ಜೀವನಪರ್ಯಂತ ಉಳಿಯಿತು.

ಕಿವಿಯ ವಿದ್ಯೆಯೂ ಕಣ್ಣಿನ ವಿದ್ಯೆಯೂ

ಇಲ್ಲಿ ಸ್ವಲ್ಪ ನಿಂತು ಒಂದು ಭೇದವನ್ನು ತಿಳಿಯಬೇಕಾಗಿದೆ. ನಮ್ಮ ದೇಶದ ಸಂಗೀತವು ಮುಖ್ಯವಾಗಿ ಕಿವಿಯ ವಿದ್ಯೆ. ಗುರುವು ಹಾಡುವನು, ಶಿಷ್ಯನು ಕೇಳಿ ಹಾಡುವನು. ಸ್ವರವನ್ನು ಬರೆದಿಟ್ಟರೂ ಅದು ನೆನಪಿಗೆ ಊರುಗೋಲು ಮಾತ್ರ. ಗಮಕಗಳು ಕಾಗದಕ್ಕೆ ಇಳಿಯುವಂತಹವುಗಳಲ್ಲ. ಪಾಶ್ಚಾತ್ಯ ಸಂಗೀತವಾದರೋ ಸುಮಾರು ಒಂದು ಸಾವಿರ ವರ್ಷಗಳಿಂದ ಕಣ್ಣಿನ ವಿದ್ಯೆಯೂ ಆಗಿದೆ. ಇಟಲಿ ದೇಶದ ಗೈಡೊ ಎಂಬ ಸನ್ಯಾಸಿಯು 11ನೆಯ ಶತಮಾನದಲ್ಲಿ, ಗಾಯಕ ಬಾಲಕರು ಒಂದೊಂದು ಕೀರ್ತನೆಯನ್ನೂ ಬಾಯಿಪಾಠದಿಂದ ಕಲಿಯುವುದಕ್ಕೆ ವರ್ಷಗಟ್ಟಲೆ ಹಿಡಿಯುವುದನ್ನು ಕಂಡು, ಗೆರೆಗಳ ಮೇಲೆ ಸ್ವರಗಳನ್ನು ಬರೆಯುವ ಕ್ರಮವನ್ನು ಸ್ಥಿರಪಡಿಸಿದನು. ಅಂದಿನಿಂದ, ಎಂದೂ ಕೇಳದ ಹಾಡನ್ನು ಕಂಡೊಡನೆ ಹಾಡುವುದು ಸಾಧ್ಯವಾಯಿತು. ಆಮೇಲೆ ಫ್ಲಾರೆನ್ಸ್ ಪಟ್ಟಣದ ಕ್ರಿಸ್ಟೊಫೋರಿ ಎಂಬವನು 1700ರ ಸುಮಾರಿಗೆ ಪಿಯಾನೊವನ್ನು ನಿರ್ಮಿಸಿದನು. ಈಗಿನ ಪಿಯಾನೊವಿನಲ್ಲಿ ಬಿಳಿದೂ ಕರಿದೂ ಸೇರಿ 88 ಮನೆಗಳು. ಬಲಗೈಗೆ ಐದು ಗೆರೆ, ಎಡಗೈಗೆ ಐದು ಗೆರೆ. ಎರಡನ್ನೂ ಒಂದೇ ಕಾಲದಲ್ಲಿ ಓದಬೇಕು. ಹತ್ತು ಬೆರಳುಗಳಿಗೂ ಎರಡು ಕಣ್ಣುಗಳೇ ದಾರಿ ತೋರಿಸತಕ್ಕವು.

ಕಂಡೊಡನೆ ನುಡಿಸುವ ಈ ಸಾಮರ್ಥ್ಯವು ಇಲ್ಲದವನ ಪಿಯಾನೊ ವಿದ್ಯೆಯು ಗಿಳಿಪಾಠದಂತೆ. ಕಲಿಸಿದಷ್ಟನ್ನೇ ನುಡಿಸುವುದು, ಮರೆತರೆ ಸುಮ್ಮನಾಗುವುದು. ಮೂಡುಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಭದ್ರವಾಗಿ ಉಳಿದುಬಂದುದನ್ನು ನಮ್ಮ ವಾಚಕಿಯರು ಬಲ್ಲರು. ಜನರು ಅವುಗಳನ್ನು ಭಕ್ತಿಯಿಂದ ದರ್ಶನಮಾಡುತ್ತಿದ್ದರು. ಆದರೆ ಹಳಗನ್ನಡ ಲಿಪಿಯಲ್ಲಿದ್ದ ಆ ಓಲೆಗಳನ್ನು ಓದಬಲ್ಲವರು ಮುಂದೆ ಬಂದು ಪ್ರತಿಮಾಡಿದ ಮೇಲೆಯೇ ಅವುಗಳಲ್ಲಿದ್ದ ಜ್ಞಾನವು ಲೋಕಕ್ಕೆ ದೊರೆಯಿತು. ಸಂಗೀತದ ಪುಸ್ತಕವೂ ಹಾಗೆಯೇ. ಓದಬಲ್ಲವರ ಕೈಗೆ ಬಂದಾಗ ಅದು ಹಾಡುವುದು. ಇಲ್ಲವಾದರೆ ಪೆಟ್ಟಿಗೆಯಲ್ಲಿ ಮೌನವಾಗಿರುವುದು.

ರಾಜಕುಮಾರರು ಈ ಎರಡು ವಿದ್ಯೆಗಳನ್ನೂ ಒಟ್ಟಿಗೆ ಕಲಿತರು. ವೀಣೆಯಲ್ಲಿ ಗುರುಮುಖದಿಂದ, ಪಿಯಾನೊವಿನಲ್ಲಿ ಪುಸ್ತಕಮುಖದಿಂದ. ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದೆಂದು ಹೇಳುವವರು ನಮ್ಮ ನಡುವೆ ಇದ್ದಾರೆ. ಅದು ನಿಜವಲ್ಲವೆಂಬುದಕ್ಕೆ ಅವರ ಮುಂದಿನ ಜೀವನವೇ ಸಾಕ್ಷಿ.

ಸಿಂಹಾಸನದ ಕರೆ

1938ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜಿನಿಂದ ಪದಕಗಳೊಂದಿಗೆ ಪದವೀಧರರಾದರು. ಮುಂದಿನ ವರ್ಷ ಯೂರೋಪಿನ ಪ್ರವಾಸವಾಯಿತು. ಅಲ್ಲಿಯ ಕಲಾವಿದರ ಮತ್ತು ವಿದ್ವಾಂಸರ ಪರಿಚಯವೂ ಆಯಿತು. ಸಭೆಗಳಲ್ಲಿ ನುಡಿಸುವ ಪಿಯಾನೊ ವಾದಕರಾಗಬೇಕೆಂಬುದು ಅವರ ಯೌವನದ ಹಂಬಲವಾಗಿತ್ತು. ಅದು ಹಗುರವಾದ ಹಂಬಲವಲ್ಲ. ಅಂತಹ ವಾದಕನು ದಿನಕ್ಕೆ ಐದಾರು ಗಂಟೆಗಳನ್ನು ವಾದ್ಯದ ಮುಂದೆ ಕಳೆಯಬೇಕು; ಅದಕ್ಕಾಗಿ ಉಳಿದುದೆಲ್ಲವನ್ನೂ ಬಿಡಬೇಕು.

ಆದರೆ ನಡೆದುದೇ ಬೇರೆ. 1939ರ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಮಹಾಯುದ್ಧವು ಪ್ರಾರಂಭವಾಯಿತು. 1940ನೆಯ ಇಸವಿ ಮಾರ್ಚ್ 11ರಂದು ತಂದೆಯವರಾದ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳುಗಳು ತುಂಬುವುದರೊಳಗೆ, ಆಗಸ್ಟ್ 3ರಂದು, ದೊಡ್ಡಪ್ಪನವರಾದ ನಾಲ್ವಡಿಯವರೂ ತೀರಿಕೊಂಡರು. ಸೆಪ್ಟೆಂಬರ್ 8ರಂದು 21 ವರ್ಷದ ತರುಣರು ಸಿಂಹಾಸನವನ್ನೇರಿದರು. ತಂದೆಯ ಶೋಕವು ಆರುವುದರೊಳಗೆ ಒಂದು ರಾಜ್ಯದ ಭಾರವು ಹೆಗಲಿಗೆ ಬಂದಿತು. ಪಿಯಾನೊ ವಾದಕರಾಗುವ ಆಸೆಯು ಅಲ್ಲಿಗೆ ಮುಗಿಯಿತು.

ಇಂತಹ ಸಂದರ್ಭದಲ್ಲಿ ಮನುಷ್ಯನು ಮಾಡತಕ್ಕದ್ದು ಮೂರು ವಿಧ. ಕರ್ತವ್ಯವನ್ನು ತಳ್ಳಿಬಿಟ್ಟು ಆಸೆಯ ಹಿಂದೆ ಹೋಗಬಹುದು. ಕರ್ತವ್ಯವನ್ನು ಹಿಡಿದು, ಕಳೆದುಹೋದ ಆಸೆಗಾಗಿ ಕಹಿಗೊಂಡು, ವಾದ್ಯವನ್ನು ನೋಡಲಾರದೆ ಮುಚ್ಚಿಬಿಡಬಹುದು. ಮೂರನೆಯದು ಕಷ್ಟವಾದ ದಾರಿ: ಕರ್ತವ್ಯವನ್ನು ಪೂರ್ಣವಾಗಿ ವಹಿಸಿಕೊಂಡು, ದೊಡ್ಡ ಆಸೆಯು ಹೋದರೂ ಉಳಿದ ಸಣ್ಣ ಬಿಡುವಿನಲ್ಲಿ ಅದೇ ವಿದ್ಯೆಯನ್ನು ಪ್ರೀತಿಯಿಂದ ಬೆಳೆಸುವುದು. ಮಹಾರಾಜರು ಈ ಮೂರನೆಯ ದಾರಿಯನ್ನೇ ಹಿಡಿದರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಸಿಂಹಾಸನವಿಲ್ಲದೆಯೇ ಇದೇ ಕವಲುದಾರಿಯಲ್ಲಿ ನಿಂತಿದ್ದಾರೆ. ಕಾಲೇಜಿಗೆ ಹೋಗಬೇಕೆಂದಿದ್ದವಳಿಗೆ ತಾಯಿಯ ರೋಗದಿಂದ ಮನೆಯ ಭಾರವು ಬಂದಿರಬಹುದು. ಹಾಡಬೇಕೆಂದಿದ್ದವಳಿಗೆ ತೊಟ್ಟಿಲು ತೂಗುವ ಕೆಲಸವು ಬಂದಿರಬಹುದು. ಅವರಿಗಾಗಿಯೇ ನಾವು ಈ ಭಾಗವನ್ನು ವಿಸ್ತರಿಸಿ ಬರೆದಿದ್ದೇವೆ.

ಬಿಡುವಿನ ಕಾಲದ ಸಾಧನೆ

ಸಿಂಹಾಸನವನ್ನೇರಿ ಐದು ವರ್ಷಗಳಾದ ಮೇಲೆ, 1945ರಲ್ಲಿ, ಮಹಾರಾಜರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ಅದೇ ವರ್ಷ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೊ ಆಗಿ ಆರಿಸಿತು. ಈ ಟ್ರಿನಿಟಿ ಕಾಲೇಜಿನ ಹೆಸರು ನಮ್ಮ ಬಾಲಿಕೆಯರಿಗೆ ಹೊಸತಲ್ಲ. 1872ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಪರೀಕ್ಷೆಗಳು ನಮ್ಮ ದೇಶದಲ್ಲಿಯೂ ನಡೆಯುತ್ತವೆ. ಅವುಗಳಲ್ಲಿ, ಕಲಿತು ತಂದ ಗತ್ತುಗಳನ್ನು ನುಡಿಸಿದ ತರುವಾಯ, ಹಿಂದೆಂದೂ ನೋಡಿರದ ಒಂದು ಚಿಕ್ಕ ಗತ್ತನ್ನು ಮುಂದಿಟ್ಟು, ಸುಮಾರು ಅರ್ಧ ನಿಮಿಷ ನೋಡಲು ಬಿಟ್ಟು, ನುಡಿಸೆಂದು ಹೇಳುವ ಒಂದು ಭಾಗವುಂಟು. ನಮ್ಮ ಬಾಲಿಕೆಯರು ಹೆದರುವುದು ಇದಕ್ಕೇ. ಇದಕ್ಕೆ ಸಿಗುವ ಅಂಕಗಳು ಕಡಿಮೆಯೆಂದು ಅಭ್ಯಾಸವನ್ನು ಬಿಟ್ಟುಬಿಡುವವರೂ ಇದ್ದಾರೆ. ಆದರೆ ಪರೀಕ್ಷೆ ಮುಗಿದ ಮೇಲೆ ಜೀವನಪರ್ಯಂತ ಜೊತೆಗೆ ಬರುವ ಭಾಗವು ಇದೊಂದೇ ಎಂಬುದನ್ನು ಅವರು ಆಗ ತಿಳಿಯರು.

ಮಹಾರಾಜರ ಸಂಗೀತವು ಅರಮನೆಯ ಗೋಡೆಗಳೊಳಗೆ ನಿಲ್ಲಲಿಲ್ಲ. ರಷ್ಯದಲ್ಲಿ 1880ರಲ್ಲಿ ಹುಟ್ಟಿ, ದೇಶಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ವಾದಕರೂ ರಚನಕಾರರೂ ಇದ್ದರು. ಅವರ ಕೃತಿಗಳು ಗಂಭೀರವಾದವು, ಕಠಿನವಾದವು. ಕಾಲದ ರುಚಿಗೆ ಹೊಂದದೆ ಮರೆಯಾಗುತ್ತಿದ್ದವು. ಮುದುಕರಾಗಿ, ಹೃದಯರೋಗಿಯಾಗಿ, ಬಡತನದಲ್ಲಿದ್ದ ಅವರಿಗೆ 1940ರ ದಶಕದ ಕೊನೆಯಲ್ಲಿ ಸಾವಿರಾರು ಮೈಲುಗಳಾಚೆಯ ಮೈಸೂರಿನಿಂದ ಸಹಾಯವು ಬಂದಿತು. ಮಹಾರಾಜರು ಮೆಟ್ನರ್ ಸಂಘವನ್ನು ಸ್ಥಾಪಿಸಿ, ಆ ರಚನಕಾರರೇ ತಮ್ಮ ಕೃತಿಗಳನ್ನು ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸುವುದಕ್ಕೆ ಬೇಕಾದ ಹಣವನ್ನು ಒದಗಿಸಿದರು. ಪಿಯಾನೊವೂ ವಾದ್ಯವೃಂದವೂ ಕೂಡಿದ ಅವರ ಮೂರು ಕಾನ್ಸರ್ಟೊಗಳೂ ಹೀಗೆ ಧ್ವನಿಮುದ್ರಿತವಾದವು. ಮೆಟ್ನರರು ಕೃತಜ್ಞತೆಯಿಂದ ತಮ್ಮ ಮೂರನೆಯ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಆ ತಟ್ಟೆಗಳು ಇಲ್ಲದಿದ್ದರೆ ಅವರ ಕೈಯ ನಾದವನ್ನು ಅವರ ಕಾನ್ಸರ್ಟೊಗಳಲ್ಲಿ ಕೇಳುವ ಭಾಗ್ಯವು ಇಂದು ಲೋಕಕ್ಕೆ ಇರುತ್ತಿರಲಿಲ್ಲ.

ಸಂಗೀತವನ್ನು ಬಲ್ಲವನು ಮಾಡುವ ದಾನಕ್ಕೂ, ಹೆಸರಿಗಾಗಿ ಮಾಡುವ ದಾನಕ್ಕೂ ಇರುವ ಭೇದವನ್ನು ಇಲ್ಲಿ ಕಾಣಬಹುದು. ಹೆಸರನ್ನು ಬಯಸುವವನು ಆಗಲೇ ಪ್ರಸಿದ್ಧನಾದವನಿಗೆ ಹಾರ ಹಾಕುವನು. ಮರೆಯಾಗುತ್ತಿರುವ ಕೃತಿಯಲ್ಲಿ ಬೆಲೆಯುಂಟೆಂದು ಕಾಣಬೇಕಾದರೆ ಆ ಸಂಗೀತವನ್ನು ಒಳಹೊಕ್ಕು ತಿಳಿದವನೇ ಆಗಬೇಕು.

1948ರಲ್ಲಿ ಮಹಾರಾಜರು ಲಂಡನ್ನಿನ ಫಿಲ್‌ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲನೆಯ ಅಧ್ಯಕ್ಷರಾದರು. ಆ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಎಂಬವರು 1949ರಲ್ಲಿ ಮೈಸೂರಿಗೆ ಬಂದು ಅತಿಥಿಗಳಾಗಿದ್ದರು. ಅರಮನೆಯಲ್ಲಿದ್ದ ದೊಡ್ಡ ಪಿಯಾನೊಗಳನ್ನೂ, ಸುಮಾರು 20,000 ಗ್ರಾಮಫೋನ್ ತಟ್ಟೆಗಳ ಭಂಡಾರವನ್ನೂ ಕಂಡು ಅವರು ಬೆರಗಾದರು. ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳನ್ನು ವಾದ್ಯವೃಂದಕ್ಕೆ ಕೊಡಲು ಮಹಾರಾಜರು ಒಪ್ಪಿದರೆಂದು ಅವರು ಬರೆದಿಟ್ಟಿರುವರು. ಮರುವರ್ಷ, 1950ನೆಯ ಇಸವಿ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸರು ಸಾಯುವ ಮುನ್ನ ರಚಿಸಿದ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬ ನಾರ್ವೆಯ ಗಾಯಕಿಯು ಹಾಡಿದರು. ಫುರ್ಟ್‌ವೆಂಗ್ಲರರು ವಾದ್ಯವೃಂದವನ್ನು ನಡೆಯಿಸಿದರು. ಆ ಸಭೆಯ ಹಣದ ಹೊಣೆಯನ್ನು ಹೊತ್ತವರು ನಮ್ಮ ಮೈಸೂರಿನ ಮಹಾರಾಜರು. ಅವರಿಗೆ ಅಲ್ಲಿಗೆ ಹೋಗಲು ಆಗಲಿಲ್ಲ; ಅವರು ಕೇಳಲೆಂದು ಅದನ್ನು ಧ್ವನಿಮುದ್ರಿಸಿ ಇಡಲಾಯಿತು.

ತಿರುಗಿ ತಾಯ್ನಾಡಿನ ಸಂಗೀತಕ್ಕೆ

ಇಷ್ಟನ್ನು ಓದಿ, ಇವರು ಪರದೇಶದ ಸಂಗೀತಕ್ಕೆ ಮನಸೋತು ತಾಯ್ನಾಡಿನ ಸಂಗೀತವನ್ನು ಮರೆತರೆಂದು ಯಾರೂ ಎಣಿಸಬಾರದು. ಇದೇ 1940ರ ದಶಕದಲ್ಲಿ ಅವರು ಮೈಸೂರು ವಾಸುದೇವಾಚಾರ್ಯರ ಸಹವಾಸದಿಂದ ಕರ್ನಾಟಕ ಸಂಗೀತದ ಆಳಕ್ಕೆ ಇಳಿದು, 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಅವುಗಳಲ್ಲಿ ಶ್ರೀವಿದ್ಯಾ ಎಂಬ ಅಂಕಿತವಿದೆ. ಅಪೂರ್ವ ರಾಗಗಳಲ್ಲಿ ರಚಿತವಾದ ಕೆಲವನ್ನು ಇಂದಿಗೂ ವಿದ್ವಾಂಸರು ಕಛೇರಿಗಳಲ್ಲಿ ಹಾಡುತ್ತಾರೆ. ಪಿಯಾನೊವಿನ ಮುಂದೆ ಕುಳಿತು ಹತ್ತು ಗೆರೆಗಳನ್ನು ಓದಿದ ಕಣ್ಣು, ವೀಣೆಯನ್ನು ಕೇಳಿದ ಕಿವಿಗೆ ಕೇಡು ಮಾಡಲಿಲ್ಲ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಅವರನ್ನು ತನ್ನ ಫೆಲೊ ಆಗಿ ಗೌರವಿಸಿತು.

ವಿದ್ಯೆಯ ಬೇರೆ ಶಾಖೆಗಳಲ್ಲಿಯೂ ಅವರ ಸೇವೆಯು ದೊಡ್ಡದು. ಅವರ ಹೆಸರಿನ ಗ್ರಂಥರತ್ನಮಾಲೆಯಲ್ಲಿ ಋಗ್ವೇದವೇ ಮೊದಲಾದ ಸಂಸ್ಕೃತ ಗ್ರಂಥಗಳು ಕನ್ನಡಕ್ಕೆ ಬಂದವು. ಸಾಮಾನ್ಯ ಜನರಿಗೆ ಓದಲು ಸಿಗದಿದ್ದುದನ್ನು ಓದಿಸುವಂತೆ ಮಾಡುವುದೇ ಅಲ್ಲಿಯೂ ಉದ್ದೇಶವಾಗಿತ್ತು.

ರಾಜ್ಯಕಾರ್ಯವನ್ನು ನಾವು ಸಂಕ್ಷೇಪವಾಗಿ ಹೇಳಿ ಮುಗಿಸುವೆವು. 1947ರಲ್ಲಿ ಅವರು ಮೈಸೂರನ್ನು ಭಾರತದ ಒಕ್ಕೂಟಕ್ಕೆ ಸೇರಿಸಿದರು. 1950ರಿಂದ ರಾಜಪ್ರಮುಖರಾಗಿದ್ದರು. 1956ನೆಯ ಇಸವಿ ನವೆಂಬರ್ 1ರಂದು, ಅಷ್ಟರವರೆಗೆ ಮದರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡವೂ ಕೂಡಿ ವಿಶಾಲ ಮೈಸೂರು ರಾಜ್ಯವು ಹುಟ್ಟಿದಾಗ, ಅದರ ಮೊದಲನೆಯ ರಾಜ್ಯಪಾಲರಾದರು. ಹೀಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರಿಗೂ ಅವರು ತಮ್ಮವರಾದರು. 1964ರಿಂದ 1966ರ ತನಕ ಮದರಾಸಿನ ರಾಜ್ಯಪಾಲರಾಗಿದ್ದರು. ಸಿಂಹಾಸನದಿಂದ ಇಳಿದು ಪ್ರಜಾರಾಜ್ಯದ ಅಧಿಕಾರಿಯಾಗಿ ಕೆಲಸಮಾಡುವುದನ್ನು ಅವರು ಅವಮಾನವೆಂದು ಎಣಿಸಲಿಲ್ಲ. 1974ನೆಯ ಇಸವಿ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ದೈವಾಧೀನರಾದರು.

ತಂಗಿ ವಿಜಯಾದೇವಿಯವರ ವಿಷಯವಾಗಿ ಒಂದು ಮಾತು. ಅವರು ಮದುವೆಯಾಗಿ ಗುಜರಾತಿನ ಕೋಟ್ಡಾ ಸಾಂಗಾಣಿಯ ರಾಣಿಯಾದರು. ಪಿಯಾನೊವನ್ನು ಮಾತ್ರ ಬಿಡಲಿಲ್ಲ. ಪತಿಯ ಕಾರ್ಯದ ನಿಮಿತ್ತ ನ್ಯೂಯಾರ್ಕಿಗೆ ಹೋದಾಗ ಅಲ್ಲಿಯ ಜೂಲಿಯಾರ್ಡ್ ಶಾಲೆಯಲ್ಲಿ ಎಡ್ವರ್ಡ್ ಸ್ಟಾಯರ್ಮನ್ ಎಂಬ ಗುರುಗಳಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಮುಂದೆ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಂಗೀತ ಮತ್ತು ಕಲಾ ಸಂಘವನ್ನು ಸ್ಥಾಪಿಸಿ, 2005ರಲ್ಲಿ ತೀರಿಕೊಳ್ಳುವ ತನಕ ಅದರ ಸೇವೆಯಲ್ಲಿದ್ದರು. ಮದುವೆಯೊಂದಿಗೆ ಸಂಗೀತವು ಮುಗಿಯಲೇಬೇಕೆಂಬ ನಿಯಮವು ಎಲ್ಲಿಯೂ ಬರೆದಿಲ್ಲವಷ್ಟೆ.

ನಮಗೆ ದೊರೆಯುವ ಪಾಠ

ಈಗ ಹೆತ್ತವರ ಪ್ರಶ್ನೆಗೆ ತಿರುಗಿ ಬರೋಣ. ಬಿಡುವು ಕಡಿಮೆಯಾದವನಿಗೆ ಉಪಯೋಗವಾಗುವ ವಿದ್ಯೆ ಯಾವುದು? ಒಂದು ಕಠಿನವಾದ ಗತ್ತನ್ನು ಆರು ತಿಂಗಳು ಉಜ್ಜುವುದಕ್ಕೆ ಅವನಿಗೆ ಕಾಲವಿಲ್ಲ. ಪುಸ್ತಕವನ್ನು ತೆರೆದು, ಅರ್ಧ ಗಂಟೆ ಓದಿ, ಆನಂದಪಟ್ಟು, ಏಳಬಲ್ಲವನಿಗೆ ಮಾತ್ರ ಸಂಗೀತವು ಉಳಿಯುವುದು. ಆದಕಾರಣ ನಮ್ಮ ಬಾಲಿಕೆಯರು ಶಾಲೆಯಲ್ಲಿರುವಾಗಲೇ ಕಂಡೊಡನೆ ನುಡಿಸುವುದನ್ನು ಅಭ್ಯಾಸಮಾಡಬೇಕು. ಹಳೆಯ ವಿದ್ಯಾರ್ಥಿನಿಯರೂ ಈಗ ಪುನಃ ಪ್ರಾರಂಭಿಸಬಹುದು. ಅದಕ್ಕೆ ನಮ್ಮ ಬೋಧನಾನುಭವದಿಂದ ಕೆಲವು ಸೂಚನೆಗಳನ್ನು ಕೊಡುವೆವು.

ಮೊದಲನೆಯದಾಗಿ, ಓದುವುದಕ್ಕೆ ಆರಿಸುವ ಗತ್ತು ತನ್ನ ಮಟ್ಟಕ್ಕಿಂತ ಎರಡು ಮೆಟ್ಟಲು ಕೆಳಗಿನದಾಗಿರಬೇಕು. ಐದನೆಯ ಗ್ರೇಡಿನವಳು ಮೂರನೆಯ ಗ್ರೇಡಿನ ಪುಸ್ತಕವನ್ನು ತೆರೆಯಲು ನಾಚಬಾರದು. ಪ್ರತಿದಿನ ಹತ್ತು ನಿಮಿಷ ಸಾಕು. ಆದರೆ ದಿನಕ್ಕೊಂದು ಹೊಸ ಪುಟವಾಗಬೇಕು. ಎರಡು ಸಲ ನುಡಿಸಿದ ಮೇಲೆ ಅದು ಓದುವ ಪಾಠವಾಗಿ ಉಳಿಯದು, ಬಾಯಿಪಾಠವಾಗುವುದು.

ಎರಡನೆಯದಾಗಿ, ಕೈಯಿಡುವ ಮೊದಲು ನೋಡಬೇಕು. ಗೆರೆಗಳ ಆರಂಭದಲ್ಲಿ ಎಷ್ಟು ಶಾರ್ಪುಗಳು, ಎಷ್ಟು ಫ್ಲಾಟುಗಳು? ತಾಳದ ಅಂಕೆಗಳು ಯಾವುವು? ಅತ್ಯಂತ ವೇಗವಾದ ಸ್ವರಗಳು ಎಲ್ಲಿವೆ? ಆ ಸ್ಥಳಕ್ಕೆ ತಕ್ಕಂತೆ ಮೊದಲಿನಿಂದಲೇ ನಿಧಾನವಾದ ನಡೆಯನ್ನು ಇಟ್ಟುಕೊಳ್ಳಬೇಕು. ತೊಡೆಯ ಮೇಲೆ ಎರಡು ಕೈಗಳಿಂದಲೂ ತಾಳವನ್ನು ತಟ್ಟಿ ನೋಡುವುದು ಬಹಳ ಹಿತ. ಸ್ವರವು ತಪ್ಪಿದರೆ ಒಂದು ಸ್ವರವೇ ಹೋಗುವುದು. ತಾಳವು ತಪ್ಪಿದರೆ ಎಲ್ಲವೂ ಹೋಗುವುದು.

ಮೂರನೆಯದಾಗಿ, ನಿಲ್ಲಬಾರದು. ತಪ್ಪನ್ನು ತಿದ್ದಲು ಹಿಂದಕ್ಕೆ ಹೋಗುವ ಅಭ್ಯಾಸವೇ ಈ ವಿದ್ಯೆಗೆ ಮೊದಲನೆಯ ಶತ್ರು. ನಮ್ಮ ಯಕ್ಷಗಾನದ ಭಾಗವತರನ್ನು ನೋಡಿರಿ. ಪ್ರಸಂಗದ ಪುಸ್ತಕವು ಮುಂದಿರುವುದು, ಕೈಯಲ್ಲಿ ತಾಳವಿರುವುದು. ಅಕ್ಷರವೊಂದು ಜಾರಿದರೂ ತಾಳವು ನಿಲ್ಲದು, ವೇಷಧಾರಿಯ ಹೆಜ್ಜೆಯೂ ನಿಲ್ಲದು. ಇಬ್ಬರು ಬಾಲಿಕೆಯರು ಒಂದೇ ಪಿಯಾನೊವಿನಲ್ಲಿ ಜೊತೆಯಾಗಿ ನುಡಿಸುವುದರಿಂದ ಈ ಅಭ್ಯಾಸವು ಬೇಗನೆ ಬರುವುದು. ಒಬ್ಬಳು ನಿಂತರೆ ಇನ್ನೊಬ್ಬಳು ಕಾಯುವುದಿಲ್ಲವಷ್ಟೆ.

ನಾಲ್ಕನೆಯದಾಗಿ, ಕಣ್ಣು ಕೈಗಿಂತ ಮುಂದಿರಬೇಕು. ನೇತ್ರಾವತಿಯ ಕಡವಿನಲ್ಲಿ ದೋಣಿ ನಡೆಯಿಸುವವನು ತನ್ನ ಹುಟ್ಟನ್ನು ನೋಡುವುದಿಲ್ಲ, ಎದುರು ದಡವನ್ನು ನೋಡುತ್ತಾನೆ. ಹಾಗೆಯೇ ಬೆರಳುಗಳು ಈ ಸ್ವರದಲ್ಲಿರುವಾಗ ಕಣ್ಣು ಮುಂದಿನ ಸ್ವರಗಳಲ್ಲಿರಬೇಕು. ಎರಡು ಕರಿಮನೆಗಳ ಗುಂಪನ್ನೂ ಮೂರು ಕರಿಮನೆಗಳ ಗುಂಪನ್ನೂ ಬೆರಳಿನಿಂದಲೇ ತಡವಿ ಗುರುತಿಸಲು ಕಲಿತರೆ ಕೈಯನ್ನು ನೋಡುವ ಅಗತ್ಯವು ತಾನಾಗಿಯೇ ಕಡಿಮೆಯಾಗುವುದು. ಅಕ್ಷರ ಕಲಿತ ಮಗುವು ಕ್ರಮೇಣ ಒಂದೊಂದು ಅಕ್ಷರವನ್ನು ಕೂಡಿಸುವುದನ್ನು ಬಿಟ್ಟು ಇಡೀ ಶಬ್ದವನ್ನು ಒಮ್ಮೆಗೆ ಓದುವುದಲ್ಲವೆ? ಇಲ್ಲಿಯೂ ಒಂದೊಂದು ಸ್ವರದ ಹೆಸರನ್ನು ಹೇಳಿಕೊಳ್ಳದೆ, ಏರುವ ಸಾಲು, ಇಳಿಯುವ ಸಾಲು, ಮೂರು ಸ್ವರಗಳ ಗೊಂಚಲು ಎಂದು ರೂಪದಿಂದಲೇ ಗುರುತಿಸಬೇಕು.

ಐದನೆಯದಾಗಿ, ನಾಲ್ಕು ಧ್ವನಿಗಳಿಗೆ ಬರೆದ ಕೀರ್ತನೆಗಳ ಪುಸ್ತಕವು ಓದುವ ಅಭ್ಯಾಸಕ್ಕೆ ಒಂದು ಗಣಿಯೇ ಸರಿ. ಒಂದೊಂದೂ ಚಿಕ್ಕದು, ತಾಳವು ಸರಳವಾದುದು, ರಾಗವು ಪರಿಚಿತವಾಗಿರುವುದರಿಂದ ತಪ್ಪಿದರೆ ಕಿವಿಯೇ ಹೇಳುವುದು. ಮೊದಲು ಎಡಗೈಯ ಕೆಳಗಿನ ಸಾಲನ್ನೂ ಮೇಲಿನ ರಾಗವನ್ನೂ ಮಾತ್ರ ನುಡಿಸಿ, ತರುವಾಯ ನಡುವಣ ಧ್ವನಿಗಳನ್ನು ಸೇರಿಸಿಕೊಳ್ಳಬಹುದು. ಹಾರ್ಮೋನಿಯಂ ಮಾತ್ರ ಇರುವ ಮನೆಗಳಲ್ಲಿ ಒಂದು ಕೈಗೆ ತಿದಿಯೊತ್ತುವ ಕೆಲಸವಿದ್ದರೂ ಮೇಲಿನ ಸಾಲನ್ನು ಓದುವ ಅಭ್ಯಾಸವು ತಪ್ಪಬೇಕಾಗಿಲ್ಲ.

ಪಿಯಾನೊ ಇರುವ ಮನೆಯವರಿಗೆ ಇನ್ನೊಂದು ಮಾತು. ನಮ್ಮ ಕಡೆಯ ಮಳೆಗಾಲವು ಈ ವಾದ್ಯಕ್ಕೆ ಬಹು ಕಠಿನವಾದುದು. ತೇವದಿಂದ ಮರವು ಉಬ್ಬಿ ಮನೆಗಳು ಅಂಟಿಕೊಳ್ಳುವುವು. ತಂತಿಗಳಿಗೆ ತುಕ್ಕು ಹಿಡಿಯುವುದು. ಹೊರಗೋಡೆಗೆ ತಾಗಿಸದೆ ಒಳಗೋಡೆಯ ಬಳಿಯಲ್ಲಿ ಇಡಬೇಕು. ಮಳೆಗಾಲವು ಮುಗಿದ ಮೇಲೆ ಶ್ರುತಿ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನವೂ ತೆರೆದು ನುಡಿಸಬೇಕು. ಮುಚ್ಚಿಟ್ಟ ಪಿಯಾನೊ ಬೇಗನೆ ಕೆಡುವುದು.

ಮಹಾರಾಜರ ಬಳಿ ದೊಡ್ಡ ಪಿಯಾನೊಗಳಿದ್ದವು, ಭಂಡಾರವಿತ್ತು, ಲೋಕದ ಕಲಾವಿದರ ಸ್ನೇಹವಿತ್ತು; ನಮಗೆ ಅವು ಯಾವುವೂ ಇಲ್ಲವೆಂದು ಯಾರಾದರೂ ಹೇಳಿಯಾರು. ಒಪ್ಪುವೆವು. ಆದರೆ ಅವರಿಗೂ ನಮಗೂ ಸಮಾನವಾಗಿ ದೊರೆತುದು ಒಂದುಂಟು. ಅದು ದಿನದ 24 ಗಂಟೆಗಳು. ರಾಜ್ಯವನ್ನಾಳುವವರಿಗೆ ಅವುಗಳಲ್ಲಿ ನಮಗಿಂತ ಹೆಚ್ಚು ಬಿಡುವು ಇರುವುದೆಂದು ನಾವು ನಂಬಲಾರೆವು. ಬಯಸಿದ ಸಭೆಯಲ್ಲಿ ನುಡಿಸುವ ಭಾಗ್ಯವು ತಪ್ಪಿದರೂ, ಆ ಸಂಗೀತದ ಪ್ರೀತಿಯನ್ನು ಅವರು ಕೊನೆಯ ತನಕ ಕಾಪಾಡಿಕೊಂಡರು. ಅದರಿಂದ ಬೇರೆಯವರಿಗೂ ಉಪಕಾರಮಾಡಿದರು.

ಹೆತ್ತವರಲ್ಲಿ ನಮ್ಮ ವಿನಂತಿಯು ಇಷ್ಟೇ. ಮಗಳ ಕೈಯಲ್ಲಿ ಎಷ್ಟು ಸರ್ಟಿಫಿಕೇಟುಗಳಿವೆಯೆಂದು ಕೇಳುವುದರ ಜೊತೆಗೆ, ಒಂದು ಹೊಸ ಪುಟವನ್ನು ಅವಳ ಮುಂದಿಟ್ಟು ಓದೆಂದು ಹೇಳಿರಿ. ಅವಳು ತಡವರಿಸುತ್ತಲಾದರೂ ಕೊನೆಯ ತನಕ ನುಡಿಸಿದರೆ ನಿಮ್ಮ ಹಣವೂ ನಮ್ಮ ಶ್ರಮವೂ ವ್ಯರ್ಥವಾಗಲಿಲ್ಲವೆಂದು ತಿಳಿಯಿರಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಈ ಸಂಚಿಕೆಯು ನಿಮ್ಮ ಕೈಸೇರುವ ದಿನ ಸಂಜೆ, ದೀಪ ಹಚ್ಚಿದ ಮೇಲೆ, ಹಳೆಯ ಪುಸ್ತಕವನ್ನು ಹುಡುಕಿ ತೆಗೆಯಿರಿ. ಅತ್ಯಂತ ಸುಲಭವಾದ ಒಂದು ಪುಟದಿಂದ ಪ್ರಾರಂಭಿಸಿರಿ. ಕೇಳಲು ಮಕ್ಕಳು ಬಂದು ನಿಂತರೆ ಅವರನ್ನೂ ಬಳಿಯಲ್ಲಿ ಕುಳ್ಳಿರಿಸಿಕೊಂಡು, ಗೆರೆಗಳ ಮೇಲಿನ ಮೊದಲನೆಯ ಸ್ವರವನ್ನು ಬೆರಳಿಟ್ಟು ತೋರಿಸಿರಿ.